ಉಳಿದ ಕೊಡೆ

ಮಗಳ ಕಳೆಯುವ ಲೆಕ್ಕದ ಹಾಳೆಯಲ್ಲಿ ಸಾಲಾಗಿ ಮಳೆಗಾಲದ ಕೊಡೆಗಳ ಚಿತ್ರ ಕಂಡದ್ದೇ, ಮಡಂತ್ಯಾರಿನ ಆಚೆಯ ನಮ್ಮ ಶಾಲೆಯ ಜಗಲಿ ನೆನಪಾಯಿತು, ಒದ್ದೆ ಕೊಡೆಗಳ ಮುಗ್ಗಲು ವಾಸನೆಯ ಸಮೇತ.

ಆಟಿ ತಿಂಗಳ ಮಳೆಯಲ್ಲಿ ಟೀಚರ್ ದಿನಾ, ತಲೆಗೊಂದರಂತೆ ಹೊಡೆದ ಮೊಳೆಗಳಲ್ಲಿ ನೇತಾಡುವ ಕೊಡೆಗಳ ಲೆಕ್ಕದಿಂದ ಕ್ಲಾಸಿಗೆ ಬಂದ ಮಕ್ಕಳ ಲೆಕ್ಕವನ್ನು ಕಳೆಯಲು ಹೇಳುತ್ತಿದ್ದರು. ಬಾರದವರ ಕೊಡೆಯೂ ಬರುವುದಿಲ್ಲವಲ್ಲ; ಉತ್ತರ ಯಾವಾಗಲೂ ಸೊನ್ನೆ.

ಒಂದು ಬೆಳಿಗ್ಗೆ ನಮ್ಮ ಕ್ಲಾಸಿನ ವಸಂತಿಯ ಅಪ್ಪ ಅವಳ ಕೊಡೆ ಹಿಡಿದು ಓಡಿ ಬಂದರು.

"ತೋಡಿನ ಬದಿಯಲ್ಲಿ ಸಿಕ್ಕಿತು ಟೀಚರ್. ಅವಳು ಬಂದಿದ್ದಾಳಾ?"

ಇಲ್ಲವೆಂದಾಗ ಕೊಡೆಯನ್ನು ಖಾಲಿ ಇದ್ದ ಅವಳ ಮೊಳೆಗೆ ಸಿಕ್ಕಿಸಿ, ತುಂಬಿ ಹರಿಯುತ್ತಿದ್ದ ತೋಡಿನತ್ತ ಓಡಿದರು.

"ಒಂದು ಉಳಿಯಿತು ಟೀಚರ್!" ನಾವು ಎಣಿಸಿ ಕೂಗಿದೆವು. ಟೀಚರ್ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ.

ಸಂಜೆ ವಸಂತಿಯ ಹೆಣ ಸಿಕ್ಕಿತು.

ಮಗಳು ಹಾಳೆ ಹಿಡಿದು ಕೇಳುತ್ತಿದ್ದಾಳೆ: "ಒಂದು ಕೊಡೆ ಉಳಿಯಿತು. ಸರಿ ಉಂಟಾ ಅಮ್ಮ?"