ಸದ್ದು ಏರಿತು, ಕಾರು ಏರಲಿಲ್ಲ

ಮೂರನೆಯ ವಯಸ್ಸಿನಲ್ಲಿ ಬಂದ ಜ್ವರ ನನ್ನ ಎಡಗಾಲಿನ ಬಲವನ್ನು ತೆಗೆದುಕೊಂಡು ಹೋಗಿತ್ತು. ನಡೆಯಬಲ್ಲೆ, ಸ್ವಲ್ಪ ಎಳೆದು ಹಾಕಬೇಕು ಅಷ್ಟೆ. ಕಷ್ಟವಾಗುತ್ತಿದ್ದುದು ಬಸ್ಸಿನ ಮೆಟ್ಟಿಲು. ನನ್ನ ಮನೆ ಬಿಜೂರಿನಲ್ಲಿ, ಕಲಿಸುವ ಶಾಲೆ ಬೈಂದೂರು ದಾಟಿ ಒತ್ತಿನೆಣೆಯ ಏರು ಹತ್ತಿ ಇಳಿದ ಮೇಲೆ. ಇಪ್ಪತ್ತು ವರ್ಷ ದಿನಕ್ಕೆರಡು ಸಲ ಆ ಮೆಟ್ಟಿಲು ಹತ್ತಿದೆ. ನಾನು ಹತ್ತುವಷ್ಟು ಹೊತ್ತು ಬಸ್ಸಿಡೀ ಕಾಯುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ, ಆದರೂ ಅಷ್ಟು ಕಣ್ಣುಗಳು ಬೆನ್ನಿಗೆ ತಾಗುತ್ತಿದ್ದವು.

ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದ ಸಂಬಂಧಿಕರೊಬ್ಬರು ಊರಿಗೆ ಮರಳುವಾಗ ತಮ್ಮ ಹಳೆಯ ಕಾರನ್ನೂ ತಂದಿದ್ದರು. ಗೇರು ತಾನಾಗಿಯೇ ಬದಲಾಗುವ ಕಾರು. ಕ್ಲಚ್ ಒತ್ತುವ ಕೆಲಸವೇ ಇಲ್ಲ, ಎಡಗಾಲು ಸುಮ್ಮನೆ ಕೂತಿದ್ದರೆ ಸಾಕು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿ ಅದನ್ನು ಕೊಂಡುಕೊಂಡೆ. ಮೊದಲ ದಿನ ಶಾಲೆಯ ಅಂಗಳಕ್ಕೆ ಕಾರು ತಂದು ನಿಲ್ಲಿಸಿದಾಗ ಇಳಿಯಲು ಮನಸ್ಸಾಗದೆ ಹತ್ತು ನಿಮಿಷ ಒಳಗೇ ಕೂತಿದ್ದೆ.

ಮೂರು ವರ್ಷ ಅದು ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿತು. ಆಮೇಲೊಂದು ಬೆಳಿಗ್ಗೆ ಒತ್ತಿನೆಣೆಯ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ದೊಡ್ಡ ದನಿಯಲ್ಲಿ ಕೂಗಿತು, ಕಾರು ಮಾತ್ರ ಮುಂದೆ ಹೋಗಲೊಲ್ಲದು. ಹಿಂದಿದ್ದ ಲಾರಿ ಹಾರ್ನ್ ಹೊಡೆಯಿತು. ಕಾಲು ಸಡಿಲಿಸಿ ಮತ್ತೆ ಮೆಲ್ಲಗೆ ಒತ್ತಿದಾಗ ಏನೋ ಹಿಡಿದುಕೊಂಡಂತಾಗಿ ಕಾರು ಒಮ್ಮೆಲೇ ಮುಂದೆ ನೆಗೆಯಿತು. ನಾನೇ ಏನೋ ತಪ್ಪು ಮಾಡಿರಬೇಕು ಎಂದುಕೊಂಡು ಯಾರಿಗೂ ಹೇಳಲಿಲ್ಲ. ವಾರದೊಳಗೆ ಸಮತಟ್ಟು ರಸ್ತೆಯಲ್ಲೂ ಹಾಗೆಯೇ ಆಗತೊಡಗಿತು.

ಬೈಂದೂರಿನ ಗ್ಯಾರೇಜಿನವರು ಇಂಥ ಗೇರ್ ಬಾಕ್ಸಿಗೆ ಕೈ ಹಾಕುವುದಿಲ್ಲ ಎಂದರು. ಬ್ರಹ್ಮಾವರದಲ್ಲಿ ಒಬ್ಬರು ನೋಡುತ್ತಾರೆ ಎಂದು ತಿಳಿದು, ರಜೆ ಹಾಕಿ ಅಲ್ಲಿಗೆ ಹೋದೆ. ಆ ಮೆಕ್ಯಾನಿಕ್ ಮೂವತ್ತೈದರ ಆಸುಪಾಸಿನವರು, ಮೆದು ಮಾತಿನವರು. ಎಂಜಿನ್ ಆರಿಸಿ, ಗೇರಿನ ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಒರೆಸಿ ಮತ್ತೆ ಅದ್ದಿ ನೋಡಿದರು. ಒಂದು ಸುತ್ತು ಓಡಿಸಿ ಬಂದರು.

"ಬಾಕ್ಸ್ ಹೋಯ್ತ್, ಟೀಚ್ರೆ. ಎಣ್ಣೆ ಸಮಾ ಇತ್ತ್. ಆದ್ರೂ ಜಾರ್ತಾ ಇತ್ತ್ ಅಂದ್ರೆ ಒಳ್ಗಿನ ಪ್ಲೇಟ್ ಸವ್ದಿತ್."

"ರಿಪೇರಿ ಆತಿಲ್ಯಾ?"

"ಇದನ್ನ್ ನಾ ಪೂರಾ ಬಿಚ್ಚಿದವ ಅಲ್ಲ, ಸುಳ್ಳ್ ಹೇಳುಕಾಗ. ಬೇರೆ ಬಾಕ್ಸ್ ಹುಡ್ಕುದೂ ಕಷ್ಟವೇ. ಕೊಟ್ಟ್ ಬಿಡುದ್ ಒಳ್ಳೇದ್."

ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಕುಂದಾಪುರ ದಾಟುವವರೆಗೂ ಅಳು ತಡೆದುಕೊಂಡಿದ್ದೆ. ಕೊಟ್ಟುಬಿಟ್ಟರೆ ಮತ್ತೆ ಆ ಬಸ್ಸಿನ ಮೆಟ್ಟಿಲೇ ಗತಿ.

ತ್ರಾಸಿ ಹತ್ತಿರ ಬರುವಷ್ಟರಲ್ಲಿ ಕಾರು ಪೂರ್ತಿ ಕೈಕೊಟ್ಟಿತು. ಎಷ್ಟು ಒತ್ತಿದರೂ ಬರೀ ಕೂಗು. ಹೇಗೋ ಬದಿಗೆ ತಂದು ನಿಲ್ಲಿಸಿ, ಇಳಿದು ಬಾನೆಟ್ ಮೇಲೆ ಕೈಯಿಟ್ಟು ನಿಂತೆ. ಗಂಗೊಳ್ಳಿಗೆ ತಿರುಗುವ ಆ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುತ್ತಿದ್ದ ಅರುವತ್ತು ದಾಟಿದ ಹೆಂಗಸು ನನ್ನನ್ನೇ ನೋಡುತ್ತಿದ್ದರು.

"ಎಂತ ಆಯ್ತ್ ಅಮ್ಮಾ? ಪೆಟ್ರೋಲ್ ಖಾಲಿಯಾ?"

"ಗೇರ್ ಬಾಕ್ಸ್ ಹೋಯ್ತಂಬ್ರ್ ಅಕ್ಕ. ಎಂಜಿನ್ ಕೂಗ್ತ್, ಕಾರ್ ಹೋತಿಲ್ಲೆ."

"ಬೋಟಿಗೂ ಹಾಂಗೇ ಆತ್ತ್. ನಮ್ಮ್ ಮನೆಯವ್ರ್ ನಲ್ವತ್ತ್ ವರ್ಷ ಬೋಟಿನ ಎಂಜಿನ್, ಗೇರ್ ಬಾಕ್ಸ್ ಕೆಲ್ಸವೇ ಮಾಡದ್. ಒಂದ್ ಸಲ ತೋರ್ಸುವ, ಬನಿ."

ಕಡಲಲ್ಲಿ ಓಡುವ ಬೋಟಿಗೂ ನನ್ನ ಕಾರಿಗೂ ಎಲ್ಲಿಯ ಸಂಬಂಧ ಎನಿಸಿತು. ಆದರೆ ಕಳೆದುಕೊಳ್ಳಲು ಇನ್ನೇನು ಉಳಿದಿತ್ತು? ಅರ್ಧ ಗಂಟೆ ಬಿಟ್ಟು ಕಾರು ತಣಿದ ಮೇಲೆ ಮತ್ತೆ ಸ್ವಲ್ಪ ಹಿಡಿತ ಬಂತು. ಅಕ್ಕನನ್ನು ಪಕ್ಕದಲ್ಲಿ, ಅವರ ಬುಟ್ಟಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಮೆಯ ಹಾಗೆ ಗಂಗೊಳ್ಳಿಗೆ ಹೋದೆ.

ದಾರಿಯಲ್ಲಿ ಅಕ್ಕ ಗಂಡನ ಬಗ್ಗೆ ಹೇಳಿದರು. ಇಷ್ಟು ವರ್ಷ ಎಂಜಿನ್ನಿನ ಮಗ್ಗುಲಲ್ಲೇ ಕೂತು ಅವರ ಕಿವಿ ಹೋಗಿತ್ತಂತೆ. ಎಡಗಿವಿ ಪೂರಾ ಇಲ್ಲ, ಬಲಗಿವಿಯ ಹತ್ತಿರ ಬಾಯಿಟ್ಟು ಹೇಳಿದರೆ ಅರ್ಧಂಬರ್ಧ. ಎಂಜಿನ್ ಕೆಲಸಕ್ಕೆ ಕಿವಿಯೇ ಬೇಕು. ಹಾಗಾಗಿ ಎರಡು ವರ್ಷದಿಂದ ಬೋಟಿನವರು ಅವರನ್ನು ಕರೆಯುತ್ತಿರಲಿಲ್ಲ.

"ಬೆಳಿಗ್ಗೆ ಎದ್ದ್ ಬೋಟ್ ನಿಲ್ಲು ದಕ್ಕೆಗೆ ಹೋತ್ರ್, ಬೋಟ್ ಕಾಂತಾ ಕೂಕಂತ್ರ್, ಊಟಕ್ಕ್ ಬತ್ರ್. ಮಾತೇ ಕಮ್ಮಿ ಆಯ್ತ್" ಎಂದರು.

ಅಣ್ಣ, ಅಂದರೆ ಅವರ ಗಂಡ, ಜಗಲಿಯಲ್ಲಿ ಕೂತಿದ್ದರು. ಅಕ್ಕ ಅವರ ಕಿವಿಯಲ್ಲಿ ಎಲ್ಲ ಹೇಳಿದರು. ಅವರು ಎದ್ದು ಬಂದು ಕಾರಿನ ಸುತ್ತ ಒಂದು ಸುತ್ತು ನಡೆದರು. ನಾನು ಬಾನೆಟ್ ತೆರೆಯಲು ಹೋದರೆ ಕೈಯೆತ್ತಿ ತಡೆದರು.

"ಮೊದ್ಲ್ ಹೇಳಿ. ತಣ್ಣಗಿಪ್ಪತಿಗೆ ಜಾರತ್ತಾ, ಬಿಸಿ ಆದ್ ಮೇಲಾ?"

"ಬಿಸಿ ಆದ್ ಮೇಲೆ."

"ಗೇರಿಗ್ ಹಾಕದ್ ಕೂಡ್ಲೆ ಹಿಡಿತ್ತಾ, ತಡವಾ?"

ಯೋಚಿಸಿ ನೋಡಿದೆ. ಹೌದು, ಕೆಲವು ದಿನಗಳಿಂದ ಲಿವರ್ ಎಳೆದ ಮೇಲೆ ಒಂದೆರಡು ಉಸಿರು ಬಿಟ್ಟು ಕಾರು ಹಿಡಿಯುತ್ತಿತ್ತು. ಅದನ್ನು ನಾನು ಬ್ರಹ್ಮಾವರದಲ್ಲಿ ಹೇಳಿರಲೇ ಇಲ್ಲ. ನನ್ನ ಪ್ರತಿ ಉತ್ತರವನ್ನೂ ಅಕ್ಕ ಅವರ ಬಲಗಿವಿಗೆ ದಾಟಿಸುತ್ತಿದ್ದರು.

"ಎಣ್ಣೆ?"

"ಗ್ಯಾರೇಜಿನವ್ರ್ ಕಂಡ್ರ್. ಸಮಾ ಇತ್ತಂಬ್ರ್."

"ಎಂಜಿನ್ ಚಾಲೂ ಇಟ್ಟ್ ಕಂಡದ್ದಾ, ಬಂದ್ ಮಾಡಿಯಾ?"

ಬಂದ್ ಮಾಡಿ ಎಂದೆ. ಅಣ್ಣ ಮೊದಲ ಸಲ ನಕ್ಕರು. ಕಾರಿನ ಕೈಪಿಡಿ ಇದೆಯೇ ಎಂದು ಕೇಳಿದರು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಮೂರು ವರ್ಷದಿಂದ ಬಿದ್ದಿದ್ದ ಪುಸ್ತಕವನ್ನು ನಾನು ಅಂದೇ ಮೊದಲು ಬಿಡಿಸಿದ್ದು. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಗೇರಿನ ಎಣ್ಣೆ ನೋಡಬೇಕು ಎಂದು ಅದರಲ್ಲಿ ಬರೆದಿತ್ತು. ಎಂಜಿನ್ ನಿಂತರೆ ಮೇಲಿದ್ದ ಎಣ್ಣೆಯೆಲ್ಲ ಕೆಳಗಿಳಿದು, ಕಮ್ಮಿ ಇದ್ದರೂ ತುಂಬಿದಂತೆ ತೋರುತ್ತದೆ ಎಂದು ಅಣ್ಣ ವಿವರಿಸಿದರು. ಓದಿದವಳು ನಾನು, ಪುಸ್ತಕ ತೆರೆಸಿದವರು ಅವರು.

ಅಣ್ಣ ಹೇಳಿದಂತೆ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕಿನ ಮೇಲೆ ಕಾಲಿಟ್ಟು ಎಂಜಿನ್ ಚಾಲೂ ಮಾಡಿದೆ. ಲಿವರನ್ನು ಒಂದೊಂದೇ ಗೇರಿಗೆ ಮೆಲ್ಲನೆ ಎಳೆದು ಮತ್ತೆ ಪಾರ್ಕಿಂಗ್‌ಗೆ ತರಲು ಹೇಳಿದರು. ಅಣ್ಣ ಬದಿಯಲ್ಲಿ ನಿಂತು ಅಂಗೈಯನ್ನು ಕಾರಿನ ಮೈಗೆ ಒತ್ತಿಕೊಂಡಿದ್ದರು. ಇನ್ನೊಂದು ಬದಿಯಲ್ಲಿ ಅಕ್ಕ ತಲೆ ಓರೆ ಮಾಡಿ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಹ್ವಾಯ್, ಕೆಳ್ಗೆ ಕುಂಯ್ ಅಂತ್ ಕಾಣಿ!" ಎಂದು ಅಕ್ಕ ಕೂಗಿದರು. ಅಣ್ಣನಿಗೆ ಕೇಳಿಸಲಿಲ್ಲ. ಅಕ್ಕ ಸುತ್ತಿ ಬಂದು ಗಂಡನ ತೋಳಿನ ಮೇಲೆ ಬೆರಳಿನಿಂದ ಆ ಸದ್ದು ಏರುವುದನ್ನೂ ಇಳಿಯುವುದನ್ನೂ ಗೀಚಿ ತೋರಿಸಿದರು. ಅವರು ತಲೆಯಾಡಿಸಿದರು.

"ಪಂಪ್ ಗಾಳಿ ಎಳಿತಾ ಇತ್ತ್. ಎಣ್ಣೆ ಸಾಲ್ತಿಲ್ಲೆ."

ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದರು. ತುದಿಗಷ್ಟೇ ಎಣ್ಣೆ ಹತ್ತಿತ್ತು, ಅದರಲ್ಲೂ ಸಣ್ಣ ಸಣ್ಣ ನೊರೆ. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟರು, ಬೆರಳಲ್ಲಿ ತಿಕ್ಕಿದರು, ಮೂಸಿದರು. ಕೆಂಪಗಿರಬೇಕಾದ ಎಣ್ಣೆ ಕಡು ಚಹಾದ ಬಣ್ಣಕ್ಕೆ ತಿರುಗಿತ್ತು.

"ಸುಟ್ಟ್ ಕರ್ಚಿದ್ ವಾಸ್ನೆ ಒಂಚೂರ್ ಇತ್ತ್. ಆದ್ರೆ ಕಪ್ಪ್ ಆಯ್ಲಿಲ್ಲೆ. ಇದ್ ಸತ್ತಿಲ್ಲೆ, ಟೀಚ್ರೆ."

ಅಕ್ಕ ಒಳಗೆ ಹೋಗಿ ನೀರು ತಂದುಕೊಟ್ಟರು.

ಆ ಎಣ್ಣೆ ಎಲ್ಲಿಗೆ ಹೋಯಿತು ಎಂಬುದು ಉಳಿದಿತ್ತು. ನನ್ನ ಅಂಗಳದಲ್ಲಿ ಒಂದು ಹನಿಯ ಕಲೆಯೂ ಇರಲಿಲ್ಲ. ಕಾರಿನಡಿ ಕಾಗದ ಹಾಸಿ ಎಂಜಿನ್ ಓಡಿಸುತ್ತ ಕಾದೆವು. ಕಾಲು ಗಂಟೆಯ ನಂತರ ಮುಂಭಾಗದಲ್ಲಿ ಒಂದು ಹನಿ, ಮತ್ತೊಂದು ಹನಿ. ಎಂಜಿನ್ ಆರಿಸಿ ಟಾರ್ಚ್ ಹಿಡಿದು ನೋಡಿದರೆ, ತಣಿಯಲೆಂದು ಗೇರಿನ ಎಣ್ಣೆಯನ್ನು ರೇಡಿಯೇಟರಿಗೆ ಕೊಂಡೊಯ್ಯುವ ತೆಳು ಪೈಪು, ಅದನ್ನು ಹಿಡಿದಿಟ್ಟ ಪಟ್ಟಿಯ ಅಡಿಯಲ್ಲಿ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗಿತ್ತು. ಉಪ್ಪುಗಾಳಿಯ ಕೆಲಸ. ಓಡುವಾಗ ಮಾತ್ರ ಜಿನುಗುತ್ತಿದ್ದುದರಿಂದ ಅದು ದಾರಿಯಲ್ಲೇ ಚೆಲ್ಲಿಹೋಗುತ್ತಿತ್ತು.

ಇಲ್ಲೇ ಸರಿ ಮಾಡಿಕೊಡಿ ಎಂದೆ. ಅಣ್ಣ ತಲೆ ಅಲ್ಲಾಡಿಸಿದರು. "ಬೋಟಿಗೆ ಹಾಕು ಎಣ್ಣೆ ಇದ್ಕ್ ಆತಿಲ್ಲೆ. ಅಡಿ ಬಿಚ್ಚಿ ಕಾಣ್ಕ್, ನಂಗೀಗ ಸೊಂಟ ಬಗ್ಗುದಿಲ್ಲೆ. ಆ ಬ್ರಹ್ಮಾವರದವ್ರಿಗೇ ಹೇಳಿ."

ನನಗೆ ಸಂಕೋಚ. ನಿಮ್ಮ ಲೆಕ್ಕ ತಪ್ಪಿತು ಎಂದು ಒಬ್ಬರಿಗೆ ಫೋನಿನಲ್ಲಿ ಹೇಗೆ ಹೇಳುವುದು? ಹೇಳಿದೆ. ಆ ಕಡೆಯಿಂದ ಮೆಕ್ಯಾನಿಕ್, "ಚಾಲೂ ಇಟ್ಟ್ ಕಾಣ್ಕಿತ್ತಾ? ಅಯ್ಯೋ ದೇವ್ರೇ. ಕಾರ್ ಅಲ್ಲೇ ಇರ್ಲಿ ಟೀಚ್ರೆ, ಆಯ್ತವಾರ ನಾನೇ ಬತ್ತೆ" ಎಂದರು.

ಅಲ್ಲಿಯವರೆಗೆ ನಾನು ಬಸ್ಸಿನಲ್ಲೇ ಓಡಾಡಿದೆ. ಹೇಳಿದಂತೆ ಭಾನುವಾರ ಮೆಕ್ಯಾನಿಕ್ ಹೊಸ ಪೈಪು, ಫಿಲ್ಟರು, ಕೈಪಿಡಿಯಲ್ಲಿ ಬರೆದಿದ್ದ ಎಣ್ಣೆ ಎಲ್ಲ ತಂದು ಅಂಗಳದಲ್ಲಿ ಗೋಣಿ ಹಾಸಿ ಕಾರಿನಡಿಗೆ ನುಗ್ಗಿದರು. ಗೇರ್ ಬಾಕ್ಸಿನ ಅಡಿಯ ತಟ್ಟೆಯನ್ನು ಬಿಚ್ಚಿ ಅಣ್ಣನ ಮುಂದಿಟ್ಟರು. ಅದರೊಳಗಿನ ಅಯಸ್ಕಾಂತಕ್ಕೆ ಬೂದುಬಣ್ಣದ ಕೆಸರಿನಂಥದ್ದು ಮೆತ್ತಿಕೊಂಡಿತ್ತು. ಅಣ್ಣ ಅದನ್ನು ಹೆಬ್ಬೆರಳಿನಿಂದ ಸವರಿ ಬಿಸಿಲಿಗೆ ಹಿಡಿದರು.

"ಇದ್ ಸವ್ದ್ ಬಿದ್ದ್ ಹಿಟ್ಟ್. ಹೆದ್ರುದ್ ಬ್ಯಾಡ. ತಗಡಿನ ಚೂರ್ ಸಿಕ್ರೆ ಹೆದ್ರಕ್."

ಮೆಕ್ಯಾನಿಕ್ ಮಂಡಿಯೂರಿ ಕೂತು ಆ ತಟ್ಟೆಯನ್ನೇ ನೋಡುತ್ತಿದ್ದರು. "ನಾನ್ ಇವ್ರಿಗೆ ಕಾರ್ ಕೊಟ್ಟ್ ಬಿಡಿ ಅಂದಿದ್ದೆ, ಅಣ್ಣಾ" ಎಂದರು. ಅಣ್ಣನಿಗೆ ಕೇಳಿಸಲಿಲ್ಲ. ಅಕ್ಕ ಆ ಮಾತನ್ನು ದಾಟಿಸಲೂ ಇಲ್ಲ. "ಚಾ ಕುಡಿನಿ, ಆರಿ ಹೋತ್ತ್" ಎಂದು ಮೆಕ್ಯಾನಿಕ್ಕಿನ ಕೈಗೆ ಲೋಟ ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ನಾಲ್ವರೂ ಕಾರಿನಲ್ಲಿ ಕೂತು ಮರವಂತೆಯವರೆಗೆ ಹೋಗಿ ಬಂದೆವು. ಕೂಗು ನಿಂತಿತ್ತು. ಎರಡರಿಂದ ಮೂರನೆಯ ಗೇರಿಗೆ ಹೋಗುವಾಗ ಮಾತ್ರ ಸಣ್ಣದೊಂದು ತಡವರಿಕೆ ಉಳಿದಿತ್ತು. ಅಣ್ಣ ಲಿವರಿನ ಮೇಲೆ ಅಂಗೈಯಿಟ್ಟು ಅದನ್ನು ಗುರುತಿಸಿದರು.

"ಸವ್ದದ್ದ್ ಸರಿ ಆತಿಲ್ಲೆ, ಟೀಚ್ರೆ. ಒಂದೆರಡ್ ವರ್ಷ ಬಾಳಿಕೆ ಬಕ್ಕು. ಏರಲ್ಲಿ ಜೋರ್ ಒತ್ತ್ಬೇಡಿ. ಹದಿನೈದ್ ದಿನಕ್ಕೊಂದ್ ಸಲ ಎಣ್ಣೆ ಕಾಣಿ."

ಅಂದು ಅವರ ಮನೆಯಲ್ಲೇ ಊಟ. ಅನ್ನ, ಬಂಗುಡೆ ಸಾರು. ಅಣ್ಣ ಆ ಹೊತ್ತೆಲ್ಲ ಮಾತಾಡುತ್ತಲೇ ಇದ್ದರು. ನಡುಕಡಲಲ್ಲಿ ಗೇರು ಜಾರಿದ ಬೋಟನ್ನು ಹೇಗೆ ದಡ ಮುಟ್ಟಿಸಿದರು ಎಂಬುದನ್ನು ಎರಡು ಸಲ ಹೇಳಿದರು. ಅಕ್ಕ ಬಡಿಸುವ ಸೌಟು ಹಿಡಿದುಕೊಂಡೇ ಗಂಡನನ್ನು ನೋಡುತ್ತ ನಿಂತುಬಿಟ್ಟಿದ್ದರು. ಸಾರು ಕೇಳಲು ನನಗೆ ಮನಸ್ಸು ಬರಲಿಲ್ಲ.

ಕಾರು ಈಗಲೂ ಓಡುತ್ತಿದೆ, ಎರಡೂವರೆ ವರ್ಷವಾಯಿತು. ಎಣ್ಣೆ ನೋಡುವುದು ನಾನೇ. ಹೋದ ತಿಂಗಳು ಎಣ್ಣೆ ಬದಲಿಸಲು ಬ್ರಹ್ಮಾವರಕ್ಕೆ ಹೋದಾಗ ಗ್ಯಾರೇಜಿನಲ್ಲಿ ಬೇರೆ ಯಾರದೋ ಗೇರು ಜಾರುವ ಕಾರು ನಿಂತಿತ್ತು. ಮೆಕ್ಯಾನಿಕ್ ಗಂಗೊಳ್ಳಿಯ ಇಬ್ಬರನ್ನೂ ಕರೆಸಿದ್ದರು. ಅಣ್ಣನ ಅಂಗೈ ಕಾರಿನ ಮೈಮೇಲಿತ್ತು. ಅಕ್ಕ ತಲೆ ಓರೆ ಮಾಡಿಕೊಂಡು, ಯಾರೂ ಮಾತಾಡಬೇಡಿ ಎಂದು ಕೈಯೆತ್ತಿ ನಿಂತಿದ್ದರು. ನಾನು ನನ್ನ ಕಾರಿನ ಎಂಜಿನ್ ಆರಿಸಿ ಹೊರಗೇ ಕಾದೆ.