ಹಿಂದಕ್ಕೆ ಓಡಿದ ಸ್ಕೂಟರ್

ನಮ್ಮ ಭಾವ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಕೆಲಸದಲ್ಲಿದ್ದರು. ಸ್ಕೂಟರಿನ ಪಿಸ್ಟನ್ ಸವೆದಾಗ ಮೆಕ್ಯಾನಿಕ್ ಹತ್ತಿರ ಹೋಗದೆ, ಹೆಮ್ಮಿಗೆಯ ನಮ್ಮ ಮನೆಯ ಮುಂದೆಯೇ ಗೋಣಿಚೀಲ ಹಾಸಿ ಎಂಜಿನ್ ಬಿಚ್ಚಿದರು. ತೊಂಬತ್ತರ ದಶಕದ ಕೊನೆ. ನಾನು ಬಿಎಸ್ಸಿ ಮುಗಿಸಿ ಮನೆಯಲ್ಲಿದ್ದೆ. ಬಿಚ್ಚಿದ ಸಾಮಾನನ್ನು ತಟ್ಟೆಯ ಸೀಮೆಎಣ್ಣೆಯಲ್ಲಿ ತೊಳೆದು, ಕೇಳಿದಾಗ ಎತ್ತಿಕೊಡುವುದು ನನ್ನ ಕೆಲಸ.

ಎರಡನೆಯ ದಿನ ಸಂಜೆ ಕೊನೆಯ ನಟ್ಟು ಬಿಗಿಯುತ್ತಾ ಭಾವ ಕೇಳಿದರು: “ತಟ್ಟೇಲಿ ಏನಾರ ಉಳೀತೇನ್ಲಾ?”

“ಏನೂ ಇಲ್ಲ ಭಾವ,” ಅಂದೆ. ಸೀಮೆಎಣ್ಣೆ ಕಪ್ಪಗಾಗಿತ್ತು. ಕೈ ಹಾಕಿ ನೋಡಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಒದ್ದದ್ದೇ ಒದ್ದದ್ದು. ಪ್ಲಗ್ ಬಿಚ್ಚಿದರೆ ಕಿಡಿ ಬರುತ್ತಿತ್ತು, ಪೆಟ್ರೋಲೂ ಇಳಿಯುತ್ತಿತ್ತು. ಗಾಡಿಯನ್ನು ಪಕ್ಕಕ್ಕೆ ವಾಲಿಸಿ ಒದ್ದರು, ಕಾರ್ಬೊರೇಟರ್ ಊದಿದರು. ಒಮ್ಮೆ ಎಂಜಿನ್ ಡಬ್ಬೆಂದು ಪೆಟ್ರೋಲನ್ನು ಹೊರಕ್ಕೆ ಉಗುಳಿತು. ಇನ್ನೊಮ್ಮೆ ಕಿಕ್ಕರ್ ತಿರುಗಿ ಹೊಡೆದು ಭಾವನ ಕಾಲಿನ ಚರ್ಮ ಕಿತ್ತುಬಂತು.

“ಬಿಎಸ್ಸಿ ಓದಿದ್ದೀಯಲ್ಲ, ಏನಾಗದೆ ಅಂತ ಏಳ್ಲಾ,” ಎಂದರು ನನಗೆ.

“ಇದು ನಮ್ ಸಿಲಬಸ್ಸಲ್ಲಿ ಇರ್ನಿಲ್ಲ ಭಾವ.”

ಜಗಲಿಯ ಮೇಲಿದ್ದ ಅಪ್ಪ ನಕ್ಕರು. “ನಮ್ಮೆತ್ತಾಗಿದ್ರೆ ಇಷ್ಟೊತ್ಗೆ ಅರ್ಧ ಒಲ ಉತ್ತಾಕ್ಬುಡ್ತಿದ್ವು ಕಣಪ್ಪ ಅಳಿಮಯ್ಯ.”

ನಮ್ಮ ಮನೆಯ ಮುಂದೆ ಬಂಡಿ ದಾರಿ, ಅದರಾಚೆ ನಾಲೆ. ನೀರು ಬಿಟ್ಟು ವಾರವಾಗಿತ್ತು; ಏರಿಯ ಮಟ್ಟಕ್ಕೆ ಕೆಂಪಗೆ ಹರಿಯುತ್ತಿತ್ತು. ಸ್ಕೂಟರಿನ ಮುಖ ಮನೆಯ ಕಡೆ, ಬೆನ್ನು ನಾಲೆಯ ಕಡೆ.

“ಮಾವ, ಇಂದ್ಗಡೆ ನಿಂತ್ಕಂಡು ಒಗೆ ಬತ್ತದಾ ನೋಡಿ,” ಎಂದರು ಭಾವ. ಅಪ್ಪ ಹೋಗಿ ಸೈಲೆನ್ಸರ್ ಹತ್ತಿರ ಬಗ್ಗಿ ಅಂಗೈ ಒಡ್ಡಿದರು. ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆದಿತ್ತು. ಅಲ್ಲೇ ಕುಕ್ಕರಗಾಲಲ್ಲಿ ನಾನು ಕುಳಿತಿದ್ದೆ, ಪ್ಲಗ್ಗಿನ ವೈರು ಮೊಳದಷ್ಟು ದೂರದಲ್ಲಿ.

ಒದ್ದರು. ಹತ್ತಿಕೊಂಡಿತು. ಸದ್ದು ಒರಟಾಗಿತ್ತು, ಆದರೂ ಮೂರು ದಿನಕ್ಕೆ ಕೇಳಿದ ಸದ್ದು. “ಬಂತು ಬಂತು,” ಅಂದರು ಅಪ್ಪ. ಭಾವ ಸ್ಟ್ಯಾಂಡಿನಿಂದ ಇಳಿಸಿ, ಹತ್ತಿ ಕುಳಿತು, ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರು.

ಗಾಡಿ ಹಿಂದಕ್ಕೆ ಹೊರಟಿತು.

ಸ್ಕೂಟರಿಗೆ ಹಿಂದಕ್ಕೆ ಹೋಗುವ ಗೇರೇ ಇಲ್ಲ. ಜಾರುತ್ತಿದೆಯೆಂದುಕೊಂಡ ಭಾವ ಮುಂದಕ್ಕೆ ಹೋಗಲೆಂದು ಆಕ್ಸಿಲರೇಟರ್ ಇನ್ನಷ್ಟು ತಿರುಗಿಸಿದರು. ತಿರುಗಿಸಿದಷ್ಟೂ ಹಿಂದಕ್ಕೆ ನುಗ್ಗಿತು. ಸ್ಟೆಪ್ನಿ ಅಪ್ಪನ ಎದೆಗೆ ತಗುಲಿತು. ಅವರು ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಬಂಡಿ ತಡೆಯುವವರಂತೆ ಕಾಲೂರುತ್ತಾ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದರು. ಆರೇಳು ಹೆಜ್ಜೆ ಇರಬಹುದು. ಅಷ್ಟೂ ಹೊತ್ತು ನನ್ನನ್ನೇ ನೋಡುತ್ತಿದ್ದರು. ವೈರು ಕಿತ್ತರೆ ಎಂಜಿನ್ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಬೆಳಗಿನಿಂದ ಹತ್ತು ಸಲ ಅದನ್ನು ಕಿತ್ತು ಸಿಕ್ಕಿಸಿದವನು ನಾನೇ. ಮೊದಲ ಎರಡು ಹೆಜ್ಜೆಯವರೆಗೂ ಅದು ಕೈಗೆ ಸಿಗುವಂತಿತ್ತು. ಕೈ ಏಳಲಿಲ್ಲ.

ಅಪ್ಪ ನಾಲೆಗೆ ಬಿದ್ದರು. ಏರಿಯಂಚು ಕುಸಿದು ಗಾಡಿ ಅಡ್ಡಬಿದ್ದು ನಿಂತಿತು. ಭಾವ ನೀರಿಗೆ ಹಾರಿದರು. ನಾನು ಎದ್ದು ಅಲ್ಲೇ ನಿಂತು ಕೆಂಪು ನೀರು ನೋಡುತ್ತಿದ್ದೆ. ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಬಳಿ, ಅಪ್ಪನ ತಲೆ ಕಂಡಿತು. ಭಾವ ಅವರ ಕಂಕುಳಿಗೆ ಕೈ ಹಾಕಿ ದಡಕ್ಕೆ ಎಳೆದರು. ಅಪ್ಪನ ಎಡ ಮಂಡಿ ಮುರಿದಿತ್ತು.

ನರಸೀಪುರದ ಆಸ್ಪತ್ರೆಯಿಂದ ಬಂದ ಮೇಲೆ ತಟ್ಟೆಯ ಸೀಮೆಎಣ್ಣೆ ಚೆಲ್ಲಿದೆ. ತಳದ ಗ್ರೀಸಿಗೆ ಉಗುರಿನಷ್ಟಗಲದ, ಅರ್ಧಚಂದ್ರದಂಥ ಕಬ್ಬಿಣದ ಚೂರೊಂದು ಅಂಟಿಕೊಂಡಿತ್ತು. ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಕಿಡಿ ಹುಟ್ಟಿಸುವ ಮ್ಯಾಗ್ನೆಟ್ಟನ್ನು ಅದರ ಜಾಗದಲ್ಲಿ ಹಿಡಿದಿಡುವುದು ಇದೇ, ಇದಿಲ್ಲದಿದ್ದರೆ ಕಿಡಿ ಹೊತ್ತು ತಪ್ಪಿ ಹಾರಿ ಎಂಜಿನ್ ತಿರುವುಮುರುವಾಗಿಯೂ ತಿರುಗಬಹುದು ಎಂದ. ಅಷ್ಟರಲ್ಲಿ ಭಾವ ಸ್ಕೂಟರನ್ನು ಇದ್ದ ಹಾಗೆಯೇ ಮಾರಿಬಿಟ್ಟಿದ್ದರು.

ಅಪ್ಪ ಕೋಲು ಹಿಡಿದು ಓಡಾಡುವಂತಾದ ಮೇಲೆ ಒಂದು ದಿನ ಕೇಳಿದರು: “ಅಲ್ಲ ಕಣ್ಲಾ, ಅದ್ಯಾಕ್ಲಾ ಇಂದಕ್ಕೆ ಬಂತು? ನೀನು ಓದಿರೋನು.”

ಪಿಸ್ಟನ್ ಮೇಲೇರುವುದು, ಕಿಡಿ ಹಾರಬೇಕಾದ ಹೊತ್ತು, ಅದು ಮೊದಲೇ ಹಾರಿದರೆ ಆಗುವುದು, ಎಲ್ಲವನ್ನೂ ಕೈ ತಿರುಗಿಸಿ ವಿವರಿಸಿದೆ. ಅಪ್ಪ ಗಮನವಿಟ್ಟು ಕೇಳಿದರು.

“ಓ, ಕಿಡೀದೇ ತಪ್ಪು ಅನ್ನು,” ಎಂದರು.

ಹೂಂ, ಅಂದೆ.