ಡಿಸ್ಕಿಗೆ ಹಚ್ಚಿದ ವಿಭೂತಿ

ಭಾನುವಾರ ಬೆಳಿಗ್ಗೆ, ಹುಮನಾಬಾದ್. ಕಪಾಟು ಖಾಲಿ ಮಾಡುವಾಗ ಸೋದರತ್ತೆಯ ಮದುವೆಯ ಡಿಸ್ಕ್ ಸಿಕ್ಕಿತು.

ವರ್ಷಗಳ ಹಿಂದೆ ಬಸವಕಲ್ಯಾಣದ ಅಜ್ಜಿಯ ಮನೆಯ ಕಂಪ್ಯೂಟರಿನಲ್ಲಿ ವೀಡಿಯೊ ತುಂಬಿ ಅದನ್ನು ಬರ್ನ್ ಮಾಡಿದವರು ಕಾಕಾ. ನಡುವೆ ಕೆಟ್ಟೀತೆಂದು, ಮುಗಿಯುವವರೆಗೆ ಯಾರೂ ಮಿಕ್ಸರ್ ಹಾಕುವಂತಿರಲಿಲ್ಲ, ಮೇಜು ಮುಟ್ಟುವಂತಿರಲಿಲ್ಲ. ಡಿಸ್ಕ್ ಹೊರಬಂದ ಮೇಲೆ, ಜಾಗ ಸಾಲದೆಂದು ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಅಳಿಸಿದರು. ಮದುವೆಯ ಮರುವರ್ಷವೇ ಅಜ್ಜ ತೀರಿಕೊಂಡಿದ್ದರು. ಅವರು ನಡೆದಾಡುವುದು, ನಗುವುದು ಉಳಿದದ್ದು ಅದೊಂದರಲ್ಲೇ.

ಇನ್ನೂ ಬೆಚ್ಚಗಿದ್ದ ಡಿಸ್ಕನ್ನು ಅಜ್ಜಿ ದೇವರ ಮುಂದಿಟ್ಟು, ಹೊಳೆಯುವ ಬದಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು.

“ಯವ್ವಾ, ಆ ಬಾಜೂಕ ಯಾಕ ಹಚ್ಚಿದಿ?” ಎಂದು ಕಾಕಾ ಕೂಗಿದರು. “ಮಷೀನ್ ಓದೂದು ಅದೇ ಬಾಜೂ!”

“ಮಾರಿ ಬಿಟ್ಟು ಬೆನ್ನಿಗಿ ಹಚ್ತಾರೇನೋ ಶಾಣ್ಯಾ?”

ಕಾಕಾ ಅಂಗಿಯ ತುದಿಯಿಂದ ಗಸಗಸ ಒರೆಸಿದರು. ಗೆರೆಗಳು ಬಿದ್ದವು. ಪ್ಲೇಯರಿಗೆ ಹಾಕಿದಾಗ ಅಜ್ಜ ಅಕ್ಷತೆ ಹಿಡಿದು ನಮ್ಮ ಕಡೆ ತಿರುಗಿದರು, ನಗಲು ಬಾಯಿ ತೆರೆದರು, ಅಲ್ಲೇ ನಿಂತರು. ಚಿತ್ರ ಮುಂದೆ ಹೋಗಲಿಲ್ಲ. ಕಾಕಾ ರಿಮೋಟ್ ಎತ್ತಿಕೊಂಡರು.

“ಬಂದ್ ಮಾಡಬ್ಯಾಡ,” ಎಂದರು ಅಜ್ಜಿ. “ಮನ್ಯಾಗ ಎಂದರ ಇಷ್ಟೊತ್ತು ನಿಂತಿದ್ರೇನು? ನಿಲ್ಲಲಿ.”

ಗೆರೆ ತಿಕ್ಕಿ ಓಡಿಸಿಕೊಡಬಹುದು ಎಂದು ಡಿಸ್ಕ್ ರಿಪೇರಿ ಅಂಗಡಿಯವನು ಈಗಷ್ಟೇ ಫೋನಿನಲ್ಲಿ ಹೇಳಿದ, ಪೂರ್ತಿ ಹಾಳಾಗಿ ಈಗ ಕಾಣುವಷ್ಟೂ ಹೋಗಲೂಬಹುದಂತೆ. ನಾಳೆ ಕೊಡುವುದೆಂದು ನಿರ್ಧರಿಸಿದ್ದೇನೆ. ಡಿಸ್ಕನ್ನು ಚೀಲಕ್ಕೆ ಹಾಕಿಲ್ಲ, ಇನ್ನೂ ಮೇಜಿನ ಮೇಲೆಯೇ ಇದೆ.